ದನಿ ಇದೆ, ಚಿತ್ರವಿಲ್ಲ

ಹೋದ ತಿಂಗಳು ತಂಗಿ ಊರಿಂದ ಬಂದಾಗ ಒಂದು ಬಿಸ್ಕತ್ತಿನ ಡಬ್ಬ ತಂದಿದ್ದಳು. ಒಳಗೆ ಅಪ್ಪನ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಮೂರು ಡಿಸ್ಕುಗಳು. ಅವಳ ಮದುವೆಯ ವಿಡಿಯೊ, 2003ರದ್ದು. ಒಂದೊಂದರ ಮೇಲೂ ಸ್ಕೆಚ್ ಪೆನ್ನಿನಲ್ಲಿ 1, 2, 3 ಎಂದು ಬರೆದಿತ್ತು. "ಅಣ್ಣ, ನೀನು ಅಂಗಡೀಲಿ ಇದೇ ಕೆಲಸ ಮಾಡ್ತಿದ್ದೋನಲ್ವಾ, ಹೆಂಗಾದ್ರೂ ಮಾಡಿ ಹಾಕ್ಕೊಡು. ಅಪ್ಪ ಓಡಾಡೋದು ಇರೋದು ಇದರಲ್ಲಿ ಮಾತ್ರ" ಅಂದಳು.

ಮನೆಯ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕುವ ಬಾಯೇ ಇಲ್ಲ. ಮಗಳು ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಕಾಮನಬಿಲ್ಲು ನೋಡಿ, ಅಷ್ಟಕ್ಕೇ ತೃಪ್ತಿಯಾಗಿ ವಾಪಸ್ ಕೊಟ್ಟಳು. ರಾತ್ರಿ ಫೋನಿನಲ್ಲಿ ಡಿವಿಡಿ ಪ್ಲೇಯರ್ ಹುಡುಕುತ್ತ ಕೂತೆ. ಇನ್ನೂ ಸಿಗುತ್ತವೆ. ಎರಡು ಸಾವಿರದ ಆಸುಪಾಸಿನವು, ಹಿಂದೆಂದೂ ಕೇಳಿರದ ಹೆಸರಿನವು. ಪ್ರತಿಯೊಂದರ ಕೆಳಗೂ ಒಂದೇ ಪಟ್ಟಿ: ಡಿವಿಡಿ, ವಿಸಿಡಿ, ಎಂಪಿ3, ಡಿವ್‌ಎಕ್ಸ್, ಜೆಪೆಗ್, ಯುಎಸ್‌ಬಿ. ಓದುತ್ತಿದ್ದ ಹಾಗೇ ತುಟಿ ತಾನಾಗಿ ಅಲ್ಲಾಡಿತು. ಈ ಪಟ್ಟಿಯನ್ನು ದಿನಕ್ಕೆ ಇಪ್ಪತ್ತು ಸಲ, ಸಂಧ್ಯಾವಂದನೆಯ ಹಾಗೆ ಒಪ್ಪಿಸುತ್ತಿದ್ದವನು ನಾನು.

2004ರಿಂದ ನಾಲ್ಕು ವರ್ಷ ತಿಪಟೂರಿನ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿದ್ದೆ. ಡಿಗ್ರಿಯಲ್ಲಿ ಎರಡು ಸಬ್ಜೆಕ್ಟ್ ಉಳಿದಿದ್ದವು, ತಂಗಿಯ ಮದುವೆಯ ಸಾಲ ಪೂರ್ತಿ ಉಳಿದಿತ್ತು. ಸಂಬಳ ತಿಂಗಳಿಗೆ 1,800 ರೂಪಾಯಿ. ಮೂರು ಸಾವಿರಕ್ಕೆ ಮೇಲಿನ ಪ್ಲೇಯರ್ ಒಂದು ಮಾರಿದರೆ ಯಜಮಾನರು ಸಂಜೆ ಗಲ್ಲಾ ಮುಚ್ಚುವಾಗ ಐವತ್ತು ರೂಪಾಯಿ ಬೇರೆ ಕೊಡುತ್ತಿದ್ದರು. ಈ ಐವತ್ತು ರೂಪಾಯಿ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ನಮ್ಮ ಕಡೆ ವ್ಯಾಪಾರ ನಡೆಯುವುದು ಕೊಬ್ಬರಿಯ ಲೆಕ್ಕದಲ್ಲಿ. ಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಬತ್ತಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಹಿಡಿಯುತ್ತದೆ. ಕೈಗೆತ್ತಿಕೊಂಡು ಅಲ್ಲಾಡಿಸಿದಾಗ ಕರಟದೊಳಗೆ ಗುಂಡು ಲೊಟ ಲೊಟ ಅನ್ನಬೇಕು, ಆಮೇಲೆ ಸುಲಿಯುವುದು. ಹೀಗೆ ವರ್ಷದ ಹತ್ತಿರ ಅಟ್ಟದ ಮೇಲೆ ಕಾದ ದುಡ್ಡು ಹರಾಜಿನ ದಿನ ಮಧ್ಯಾಹ್ನದ ಹೊತ್ತಿಗೆ ಟವೆಲ್ಲಿನ ಗಂಟಿನಲ್ಲೋ ಪ್ಲಾಸ್ಟಿಕ್ ಕವರಿನಲ್ಲೋ ನಮ್ಮ ಅಂಗಡಿಗೆ ಬರುತ್ತಿತ್ತು. ಅಂಥ ದುಡ್ಡಿನ ಮುಂದೆ ನಿಂತು ನಾನು 'ಮಲ್ಟಿ ಫಾರ್ಮ್ಯಾಟ್' ಅನ್ನುತ್ತಿದ್ದೆ.

ಜನಕ್ಕೆ ಅವರದೇ ಪರೀಕ್ಷೆಗಳಿದ್ದವು. ಮೊದಲು ಪ್ಲೇಯರನ್ನು ಎರಡು ಕೈಯಲ್ಲಿ ಎತ್ತಿ ನೋಡುವುದು. "ತೂಕವೇ ಇಲ್ವಲ್ಲಪ್ಪ, ಒಳಗೆ ಏನಾದ್ರೂ ಐತೋ ಇಲ್ವೋ?" ಟ್ರಾನ್ಸ್‌ಫಾರ್ಮರ್ ಹೋಗಿ ಎಸ್ಎಂಪಿಎಸ್ ಬಂದಮೇಲೆ ಯಂತ್ರಗಳು ಹಗುರಾದವು, ಅದೇ ಒಳ್ಳೆಯದು, ವೋಲ್ಟೇಜು ನೂರಕ್ಕೆ ಇಳಿದರೂ ಓಡುತ್ತದೆ ಎಂದು ಹೇಳಿ ಹೇಳಿ ಸಾಕಾಗಿತ್ತು. ಇದು ನಿಜವೂ ಹೌದು. ಸಂಜೆ ಹಳ್ಳಿಗಳಲ್ಲಿ ಟಿವಿಯ ಚಿತ್ರ ಸುತ್ತಲೂ ನಾಲ್ಕು ಬೆರಳು ಕುಗ್ಗಿ ನಡುಗುತ್ತಿದ್ದರೂ ಪ್ಲೇಯರಿನ ಪಾಡಿಗೆ ಪ್ಲೇಯರ್ ತಿರುಗುತ್ತಿತ್ತು. ಆದರೂ ತೂಕದ ಮೇಲಿನ ನಂಬಿಕೆ ಹೋಗಲಿಲ್ಲ. ಒಮ್ಮೆ ರಿಪೇರಿಗೆ ಬಂದ ಒಂದು ಪ್ಲೇಯರಿನ ತಳದಲ್ಲಿ ಸುಮ್ಮನೆ ಅಂಟಿಸಿಟ್ಟಿದ್ದ ಕಬ್ಬಿಣದ ಪಟ್ಟಿ ಸಿಕ್ಕಿತು. ಮಾಡಿದವನು ಯಾರೋ, ನಮ್ಮ ಗಿರಾಕಿಗಳನ್ನು ನನಗಿಂತ ಚೆನ್ನಾಗಿ ಬಲ್ಲವನು.

ಅದನ್ನು ಬಿಚ್ಚಿ ತೋರಿಸಿದವರು ಭಾಯ್. ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ, ಸುಟ್ಟ ರೋಸಿನ್ನಿನ ವಾಸನೆಯಲ್ಲಿ ಕೂತಿರುತ್ತಿದ್ದ ಮೆಕ್ಯಾನಿಕ್. ವಾಲ್ವ್ ರೇಡಿಯೊ ಕಾಲದಿಂದ ಕೈಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದಿದ್ದವರು. ನನಗೆ ಈ ವಿದ್ಯೆ ಏನಾದರೂ ಬಂದಿದ್ದರೆ ಅವರಿಂದ. ಒಂದು ಮಧ್ಯಾಹ್ನ 1,900 ರೂಪಾಯಿಯ ಚೀನಾ ಪ್ಲೇಯರ್, 3,400ರದ್ದು, ಅದಕ್ಕೂ ದುಬಾರಿಯದು ಮೂರನ್ನೂ ಮುಚ್ಚಳ ತೆಗೆದು ಪಕ್ಕಪಕ್ಕ ಇಟ್ಟರು. ಮೊದಲೆರಡರ ಬೋರ್ಡಿನ ಮೇಲೆ ಒಂದೇ ತೈವಾನ್ ಕಂಪನಿಯ, ಮೀಡಿಯಾಟೆಕ್‌ನ ಚಿಪ್ಪು. ಲೆನ್ಸೂ ಒಂದೇ. "ಹೆಣ್ಣು ಒಂದೇ, ಸೀರೆ ಬೇರೆ ಬೇರೆ" ಎಂದು ನಕ್ಕರು.

ದುಬಾರಿಯದೇ ಎಲ್ಲರಿಗಿಂತ ಕಡಿಮೆ ಡಿಸ್ಕು ಓದುತ್ತಿತ್ತು ಅನ್ನುವುದು ಆ ಕಾಲದ ತಮಾಷೆ. ಹೆಸರಾಂತ ಕಂಪನಿಯ ಪ್ಲೇಯರುಗಳು ಮಹಾ ಮಡಿವಂತರು. ಡಿವಿಡಿಗೆ ಪ್ರಪಂಚವನ್ನು ವಲಯಗಳಾಗಿ ಹಂಚಿದ್ದರಲ್ಲ, ಅಮೆರಿಕ ಒಂದು, ಯುರೋಪು ಮತ್ತು ದುಬೈ ಕಡೆಯವು ಎರಡು, ನಾವು ಐದು. ದುಬೈಯಿಂದ ಬಂದ ಸಂಬಂಧಿಕ ತಂದ ಸಿನಿಮಾ ಡಿಸ್ಕನ್ನು ಇವು ಮುಟ್ಟಿ ನೋಡಿ ಮೈಲಿಗೆ ಎಂದು ಹೊರಗೆ ತಳ್ಳುತ್ತಿದ್ದವು. ಅಗ್ಗದ ಚೀನಾ ಪ್ಲೇಯರಿಗೆ ಜಾತಿ ಭೇದವಿರಲಿಲ್ಲ. ಟ್ರೇ ಹೊರಗಿಟ್ಟು ರಿಮೋಟಿನಲ್ಲಿ ನಾಲ್ಕಾರು ಅಂಕಿ ಒತ್ತಿದರೆ ಗುಪ್ತ ಮೆನು ತೆರೆದುಕೊಂಡು ಎಲ್ಲ ವಲಯವೂ ಒಂದಾಗುತ್ತಿತ್ತು. ಆ ಅಂಕಿಗಳನ್ನು ಬಿಲ್ ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಬರೆದಿಟ್ಟುಕೊಂಡಿದ್ದೆ. ಗಿರಾಕಿಯ ಮುಂದೆ ಅದನ್ನು ಒತ್ತುವಾಗ ನನಗೆ ಮಂತ್ರವಾದಿಯ ಗತ್ತು.

ಡಿವ್‌ಎಕ್ಸ್ ಅನ್ನುವ ಸ್ಟಿಕರ್ ಬಂದಮೇಲೆ ಗತ್ತು ಇನ್ನೂ ಏರಿತು. ವಿಸಿಡಿ ಒಂದರಲ್ಲಿ ಸುಮಾರು 74 ನಿಮಿಷ ಹಿಡಿಸುತ್ತದೆ. ಹಾಗಾಗಿ ಒಂದು ಕನ್ನಡ ಸಿನಿಮಾಕ್ಕೆ ಎರಡು ಡಿಸ್ಕು, ಉದ್ದವಾದರೆ ಮೂರು. ಇಂಟರ್‌ವೆಲ್ ಎಲ್ಲಿ ಬರಬೇಕು ಅಂತ ಡೈರೆಕ್ಟರಿಗಿಂತ ಡಿಸ್ಕೇ ತೀರ್ಮಾನಿಸುತ್ತಿತ್ತು. ಎಂಪೆಗ್-4ರಲ್ಲಿ ಹಿಂಡಿದರೆ ಅದೇ ಸಿನಿಮಾ 700 ಎಂಬಿಗೆ ಇಳಿಯುತ್ತದೆ. 4.7 ಜಿಬಿಯ ಡಿವಿಡಿಯೊಂದಕ್ಕೆ ಅಂಥವು ಆರು. ಡಿವ್‌ಎಕ್ಸ್ ದುಡ್ಡಿನ ದಾರಿ ಹಿಡಿದಾಗ ಅದರ ಹೆಸರನ್ನೇ ತಿರುವುಮುರುವು ಮಾಡಿ ಎಕ್ಸ್‌ವಿಡ್ ಎಂಬ ಬಿಟ್ಟಿ ತಮ್ಮನೊಬ್ಬ ಹುಟ್ಟಿಕೊಂಡ. ಆರು ಸಿನಿಮಾದ ಡಿಸ್ಕು ಎಲ್ಲಿಂದ ಬರುತ್ತಿತ್ತು, ಯಾರು ಸುಡುತ್ತಿದ್ದರು ಎಂದು ಯಾರೂ ಕೇಳುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಪಕ್ಕ ಕಡಲೆಕಾಯಿಯ ಜತೆಗೇ ಸಿಗುತ್ತಿತ್ತು. ಈಗ ಮರ್ಯಾದಸ್ಥರ ಹಾಗೆ ಮಾತಾಡಬಹುದು, ಆದರೆ ಆ ಕಳ್ಳ ಡಿಸ್ಕುಗಳಿಲ್ಲದಿದ್ದರೆ ನಮ್ಮ ಪ್ಲೇಯರುಗಳ ಅರ್ಧ ವ್ಯಾಪಾರ ಆಗುತ್ತಿರಲಿಲ್ಲ. ಮುಂದೆ ಮೋಸರ್ ಬೇರ್ ಕಂಪನಿ ವಿಸಿಡಿಗೆ 28, ಡಿವಿಡಿಗೆ 34 ರೂಪಾಯಿಯಂತೆ ನೇರ ದಾರಿಯಲ್ಲೇ ಸಿನಿಮಾ ಮಾರಲು ಹೊರಟಾಗ ಕಡಲೆಕಾಯಿಯವನಿಗಿಂತ ಹೆಚ್ಚು ಗಾಬರಿಯಾದದ್ದು ನಮ್ಮ ಯಜಮಾನರಿಗೆ. ಎಲ್ಲರೂ ಅಸಲಿ ಡಿಸ್ಕೇ ಕೊಂಡರೆ ಈ ಸ್ಟಿಕರ್ ಯಾರಿಗೆ ಬೇಕು?

ಮೇಷ್ಟ್ರು ಬಂದದ್ದು 2005ರ ಕೊನೆಯಲ್ಲಿ. ಹತ್ತಿರದ ಹಳ್ಳಿಯವರು, ಪ್ರೈಮರಿ ಶಾಲೆಯಲ್ಲಿದ್ದು ನಿವೃತ್ತರಾದವರು. ಬಿಸಿಲಿರಲಿ ಮಳೆಯಿರಲಿ ಕೈಯಲ್ಲಿ ಕೊಡೆ. ಚೀಲದಿಂದ ಅಮೆರಿಕದ ಅಂಚೆಚೀಟಿಯ ದಪ್ಪ ಕವರ್ ತೆಗೆದು, ಅದರಿಂದ ಒಂದು ಡಿಸ್ಕು ತೆಗೆದು, ಅಂಚು ಹಿಡಿದು ನನ್ನ ಮುಂದಿಟ್ಟರು. "ಮೊಮ್ಮಗ ನಡೆಯೋಕೆ ಕಲ್ತಿದ್ದಾನಂತೆ ಕಣಪ್ಪ. ಮಗ ವಿಡಿಯೊ ಮಾಡಿ ಕಳಿಸಿದ್ದಾನೆ. ಇದನ್ನ ನೋಡೋಕೆ ಒಂದು ಮಿಷನ್ ಬೇಕು."

ಇದನ್ನ ನೋಡೋಕೆ ಅಂದರು. ನಾನು ಕೇಳಿಸಿಕೊಂಡದ್ದು 'ಒಂದು ಮಿಷನ್ ಬೇಕು' ಅನ್ನುವಷ್ಟನ್ನು. ಹರಾಜಿನ ದಿನ, ಅಂಗಡಿ ತುಂಬ ಜನ. 1,900ರದ್ದನ್ನು ಕೊಟ್ಟು, ಹಳದಿ ಕೆಂಪು ಬಿಳಿ ವೈರನ್ನು ಎಲ್ಲೆಲ್ಲಿ ಸಿಕ್ಕಿಸಬೇಕೆಂದು ಹೇಳಿ ಕಳಿಸಿದೆ. ಡಿಸ್ಕನ್ನು ಒಮ್ಮೆ ಹಾಕಿ ನೋಡಲು ಎರಡು ನಿಮಿಷ ಸಾಕಿತ್ತು.

ಮೂರನೆಯ ದಿನ ಡಬ್ಬ ಹೊತ್ತು ವಾಪಸ್ ಬಂದರು. ಡಿಸ್ಕ್ ಗೊತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಬರುತ್ತಂತೆ. ಅಗ್ಗದ್ದರಲ್ಲಿ ಹಾಗೇ, ಎಲ್ಲಾ ಫಾರ್ಮ್ಯಾಟ್ ಓದೋದು ಬೇಕು ಅಂದರೆ ಇದು ನೋಡಿ ಎಂದು 3,400ರದ್ದರ ಮೇಲೆ ಕೈಯಿಟ್ಟೆ. ಹಳೆಯದನ್ನು ಬಳಸಿದ್ದು ಎಂಬ ಲೆಕ್ಕದಲ್ಲಿ ಮುನ್ನೂರು ಹಿಡಿದುಕೊಂಡೆವು. ಮೇಷ್ಟ್ರು ಚೌಕಾಸಿ ಮಾಡಲಿಲ್ಲ. "ಎಲ್ಲಾ ಅಂದ್ರೆ ಎಲ್ಲಾನೂನಾ?" ಎಂದು ಒಂದು ಸಲ ಕೇಳಿದರು, ಪಾಠ ಒಪ್ಪಿಸುವ ಹುಡುಗನನ್ನು ಕೇಳುವ ಹಾಗೆ. "ಎಲ್ಲಾನೂ ಸಾರ್" ಅಂದೆ. ಸಂಜೆ ಐವತ್ತು ರೂಪಾಯಿ ಬಂತು.

ಮತ್ತೆ ಬಂದಾಗ ಅವರ ಮುಖದಲ್ಲಿ ದೂರಿರಲಿಲ್ಲ, ಸಂಕೋಚವಿತ್ತು. ನಾನೇ ಏನೋ ತಪ್ಪು ಒತ್ತುತ್ತಿರಬೇಕು ಕಣಪ್ಪ, ಒಂದು ಸಲ ತೋರಿಸಿಕೊಡು ಎಂದರು. ಈ ಸಲ ಅಂಗಡಿಯ ಟಿವಿಗೇ ಜೋಡಿಸಿದೆವು. ಡಿಸ್ಕಿನಲ್ಲಿ ಎವಿಐ ಎಂಬ ಬಾಲದ ಆರೇಳು ಫೈಲುಗಳು. ಮೊದಲನೆಯದನ್ನು ಒತ್ತಿದೆ. ಪರದೆ ಕಪ್ಪಗೇ ಉಳಿಯಿತು. ಆದರೆ ಸ್ಪೀಕರಿನಲ್ಲಿ ಮಗುವೊಂದು ಕಿಲಕಿಲ ನಕ್ಕಿತು. ಒಂದು ಹೆಣ್ಣು ದನಿ "ಬಾ, ಬಾ, ತಾತಂಗೆ ತೋರ್ಸು ಬಾ" ಅಂದಿತು. ಆಮೇಲೆ ಮರದ ನೆಲದ ಮೇಲೆ ಧಪ್, ಧಪ್, ಧಪ್ ಎಂದು ಮೂರು ಸದ್ದು, ಸ್ವಲ್ಪ ತಡೆದು ಇನ್ನೊಂದು, ಆಮೇಲೆ ಎಲ್ಲರ ನಗು.

ಅಂಗಡಿಯಲ್ಲಿದ್ದ ನಾಲ್ಕೈದು ಗಿರಾಕಿಗಳು ಸುಮ್ಮನಾದರು. ಮೇಷ್ಟ್ರು ತಲೆ ಒಂದು ಪಕ್ಕಕ್ಕೆ ವಾಲಿಸಿ, ಕಪ್ಪು ಪರದೆಯನ್ನೇ ನೋಡುತ್ತ ಪೂರ್ತಿ ಕೇಳಿದರು. ಮತ್ತೊಂದು ಸಲ ಹಾಕು ಅಂದರು. ಹಾಕಿದೆ. "ಹೆಜ್ಜೆ ಸದ್ದು ಕೇಳ್ತಲ್ಲ, ಸಾಕು ಬಿಡಪ್ಪ" ಎಂದು ಪ್ಲೇಯರನ್ನು ತಾವೇ ಡಬ್ಬದೊಳಗೆ ಇಟ್ಟುಕೊಂಡರು.

ಎವಿಐ ಅನ್ನುವುದು ಬರೀ ಗೋಣಿಚೀಲ ಎಂದು ಭಾಯ್ ಎಷ್ಟೋ ಸಲ ಹೇಳಿದ್ದರು. ಹೊರಗಿಂದ ನೋಡಿದರೆ ಒಳಗಿರುವುದು ರಾಗಿಯೋ ಭತ್ತವೋ ಗೊತ್ತಾಗದು. ಸಿನಿಮಾ ಸುಡುವವರು ಅದರೊಳಗೆ ಎಂಪೆಗ್-4 ತುಂಬುತ್ತಿದ್ದರು, ನಮ್ಮ ಪ್ಲೇಯರ್ ಅರೆಯುತ್ತಿದ್ದದ್ದು ಅದನ್ನೇ. ಮೇಷ್ಟ್ರ ಮಗನದ್ದು ಡಿಜಿಟಲ್ ಕ್ಯಾಮೆರಾ. ಆಗಿನ ಎಷ್ಟೋ ಕ್ಯಾಮೆರಾಗಳು ಅದೇ ಚೀಲದೊಳಗೆ ಮೋಷನ್ ಜೆಪೆಗ್ ತುಂಬುತ್ತಿದ್ದವು. ಸೆಕೆಂಡಿಗೆ ಹದಿನೈದೋ ಮೂವತ್ತೋ ಬಿಡಿ ಫೋಟೊಗಳನ್ನು ಒಂದರ ಹಿಂದೊಂದು ಪೋಣಿಸಿದ್ದು, ಅಷ್ಟೆ. ದನಿ ಮಾತ್ರ ಸೀದಾಸಾದಾ, ಹಾಗಾಗಿ ಅದೊಂದು ಹೊರಬಂತು. ನಾನು 'ಎಲ್ಲಾನೂ' ಎಂದದ್ದು ಚೀಲಗಳ ಲೆಕ್ಕದಲ್ಲಿ. ಅವರು ಕೇಳಿದ್ದು ಕಾಳಿನ ಲೆಕ್ಕದಲ್ಲಿ.

ಇದೆಲ್ಲ ಆಮೇಲೆ ತಿಳಿದದ್ದು ಎಂದು ಬರೆದುಬಿಟ್ಟರೆ ನನಗೆ ಅನುಕೂಲ. ಹಾಗಲ್ಲ. ಅವತ್ತು ಸಂಜೆಯೇ ಭಾಯ್ ಟೀ ಕುಡಿಯುತ್ತ ಹೇಳಿದರು: "ಮಿಷನ್ ಬದಲಾಯಿಸ್ದಲ್ಲೋ, ಡಿಸ್ಕ್ ಬದಲಾಯಿಸೋದಕ್ಕೆ ನಿಂಗೇನು ಕಷ್ಟ? ಆ ಸೈಬರ್ ಹುಡುಗನ ಹತ್ರ ಕೊಟ್ರೆ ರಾತ್ರಿಯೆಲ್ಲ ಕಂಪ್ಯೂಟರ್ ಓಡಿಸಿ ಡಿವಿಡಿ ಮಾಡಿಕೊಡ್ತಾನೆ. ನೂರೈವತ್ತು ತಗೋತಾನೆ. ಮೊದಲ್ನೇ ದಿನ ಕೊಟ್ಟ ಮಿಷನ್ನೇ ಸಾಕಿತ್ತು." ಅದೂ ನನಗೆ ಹೊಸ ಸುದ್ದಿಯಲ್ಲ. ಮೇಷ್ಟ್ರು ಎರಡನೇ ಸಲ ಬಂದು ನಿಂತಾಗಲೇ ಮನಸ್ಸಿನ ಮೂಲೆಯಲ್ಲಿ ಸೈಬರ್ ಅಂಗಡಿ ಹಾದುಹೋಗಿತ್ತು. ಅಲ್ಲಿಗೆ ಕಳಿಸಿದ್ದರೆ ನೂರೈವತ್ತು ಅವನಿಗೆ, ನಮಗೆ ಏನೂ ಇಲ್ಲ, ನನಗಂತೂ ಐವತ್ತು ಇಲ್ಲ. ಅದೇ ವಾರ ಅದೇ ಹುಡುಗನ ಅದೇ ಕಂಪ್ಯೂಟರಿನಲ್ಲಿ ಗೆಳೆಯರಿಗಾಗಿ ಆರು ಸಿನಿಮಾದ ಡಿಸ್ಕು ಸುಡಿಸಿಕೊಂಡೆ ಕೂಡ.

ಮುಂದಿನ ವಾರ ಮೇಷ್ಟ್ರು ಬಂದಾಗ ಹೇಳೋಣ ಎಂದುಕೊಂಡೆ. ಅವರು ಅಂಗಡಿಗೆ ಬರಲಿಲ್ಲ, ರಸ್ತೆಯಲ್ಲಿ ಹೋಗುತ್ತಿದ್ದರು. ನಾನು ಕಂಡರೆ ಕೊಡೆಯನ್ನು ಸ್ವಲ್ಪ ಮೇಲೆತ್ತುತ್ತಿದ್ದರು. ನಾನು ಕೈಯೆತ್ತುತ್ತಿದ್ದೆ. ಹೀಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ನಾವು ಒಬ್ಬರಿಗೊಬ್ಬರು ಕೈ ಕೊಡೆ ಎತ್ತಿಕೊಂಡೇ ಇದ್ದೆವು.

ಒಮ್ಮೆ ಅವರ ಪ್ಲೇಯರ್ ರಿಪೇರಿಗೆ ಬಂತು, ಯಾರೋ ಹುಡುಗನ ಕೈಲಿ ಕಳಿಸಿದ್ದರು. ಡಿವಿಡಿ ಓದುತ್ತದೆ, ಸಿಡಿ ಓದಲ್ಲ. ಭಾಯ್‌ಗೆ ಇದು ದಿನದ ಕತೆ. ಪ್ಲೇಯರಿನ ಲೆನ್ಸಿನ ಹಿಂದೆ ಎರಡು ಲೇಸರ್, ಸಿಡಿಗೆ 780 ನ್ಯಾನೊಮೀಟರಿನದು, ಡಿವಿಡಿಗೆ 650ರದ್ದು. "ಎರಡು ಕಣ್ಣು. ಒಂದು ಮಂಜಾದ್ರೆ ಇನ್ನೊಂದು ನೋಡ್ತಿರುತ್ತೆ" ಎನ್ನುತ್ತ ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದರು, ಆಗಲಿಲ್ಲ, ಲೆನ್ಸೇ ಬದಲಾಯಿಸಿದರು. ಟ್ರೇ ತೆರೆದಾಗ ಒಳಗೆ ಆ ಡಿಸ್ಕೇ ಇತ್ತು. ಸುತ್ತಲೂ ಗೆರೆ ಗೆರೆ. ಭಾಯ್ ಅದನ್ನು ನೋಡಿದರು, ನನ್ನನ್ನು ನೋಡಿದರು, ಲೆನ್ಸಿನ ದುಡ್ಡು ಮಾತ್ರ ಹಿಡಿದು ಕೂಲಿ ಬಿಟ್ಟರು. ಡಿಸ್ಕು ಅಂದು ಇಡೀ ದಿನ ನನ್ನ ಟೇಬಲ್ಲಿನ ಮೇಲಿತ್ತು. ಸೈಬರ್ ಅಂಗಡಿ ಇದ್ದದ್ದು ರಸ್ತೆಯ ಆಚೆ ಬದಿ, ನಲವತ್ತು ಹೆಜ್ಜೆ. ಸಂಜೆ ಹುಡುಗ ಬಂದು ಡಿಸ್ಕಿನ ಸಮೇತ ಪ್ಲೇಯರ್ ತೆಗೆದುಕೊಂಡು ಹೋದ.

2008ರಲ್ಲಿ ಬೆಂಗಳೂರಿಗೆ ಬಂದೆ. ಆ ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಕವರುಗಳನ್ನು ತೂಗುಹಾಕಿದ್ದಾರೆ. ಭಾಯ್ ಇಲ್ಲ. ಮೇಷ್ಟ್ರ ಮೊಮ್ಮಗ ಈಗ ಕಾಲೇಜಿನಲ್ಲಿರಬೇಕು. ತಾತ ತನ್ನ ಮೊದಲ ಹೆಜ್ಜೆಗಳನ್ನು ನೋಡಿದರೆಂದೇ ಅವನು ತಿಳಿದಿರಬಹುದು. ನೋಡಿದೆ ಎಂದೇ ಮೇಷ್ಟ್ರು ಫೋನಿನಲ್ಲಿ ಹೇಳಿರುತ್ತಾರೆ, ನನಗೆ ಅನುಮಾನವಿಲ್ಲ.

ತಂಗಿಯ ಡಬ್ಬ ಹಿಡಿದು ಶನಿವಾರ ಎಸ್.ಪಿ. ರೋಡಿಗೆ ಹೋದೆ. ಹಾರ್ಡ್ ಡಿಸ್ಕು, ಕೇಬಲ್ಲು, ಸಿಸಿ ಕ್ಯಾಮೆರಾಗಳ ನಡುವೆ ಡಿವಿಡಿ ಪ್ಲೇಯರ್ ಕೇಳಿದರೆ ಇಬ್ಬರು ಮೂವರು ನನ್ನನ್ನು ಮೇಲೆ ಕೆಳಗೆ ನೋಡಿದರು. ಕೊನೆಗೆ ಮಹಡಿಯ ಮೇಲೆ, ಇಬ್ಬರು ನಿಂತರೆ ಮೂರನೆಯವನಿಗೆ ಜಾಗವಿಲ್ಲದ ಒಂದು ಅಂಗಡಿ ಸಿಕ್ಕಿತು. ಇಪ್ಪತ್ತೈದು ದಾಟಿರದ ಹುಡುಗ. ನಾನು ಹಳೇ ಚಾಳಿಯಲ್ಲಿ ಶುರು ಮಾಡಿದೆ: ವಿಸಿಡಿ ಓದಬೇಕು, ಎಂಪೆಗ್ ಬೇಕು, ಎಚ್‌ಡಿಎಂಐ ಇರಬೇಕು, ಯಾಕೆಂದರೆ ನಮ್ಮ ಟಿವಿಯಲ್ಲಿ ಹಳದಿ ಕೆಂಪು ಬಿಳಿಯ ತೂತುಗಳಿಲ್ಲ, ಯುಎಸ್‌ಬಿ ಇದ್ದರೆ ಒಳ್ಳೆಯದು, ಒಳಗೆ ಯಾವ ಚಿಪ್ಪು?

ಅವನು ಪೂರ್ತಿ ಕೇಳಲಿಲ್ಲ. "ಯಾವ ಡಿಸ್ಕ್ ನೋಡ್ಬೇಕು ಸಾರ್? ತಂದಿದ್ದೀರಾ? ಕೊಡಿ ಇಲ್ಲಿ" ಎಂದು ಕೈ ಚಾಚಿದ.

ಪಂಚೆಯ ಗಂಟು ಬಿಚ್ಚಿದೆ. ಒಂದನೆಯದನ್ನು ಹಾಕಿದ. ಚಪ್ಪರ, ವಾಲಗ, ವಿಡಿಯೊದವನು ಅಂಚಿಗೆಲ್ಲ ಅಂಟಿಸಿದ್ದ ಗುಲಾಬಿ ಹೂಗಳು, ಎಲ್ಲ ಬಂದವು. ಮೂರನೆಯದರಲ್ಲಿ ಊಟದ ಪಂಕ್ತಿ, ಕಳಿಸಿಕೊಡುವಾಗಿನ ಅಳು. ಅಪ್ಪ ಒಂದೆರಡು ಕಡೆ ಬೆನ್ನು ಕೊಟ್ಟು ನಡೆದುಹೋದ, ಹೆಗಲ ಮೇಲೆ ಟವೆಲ್. ಧಾರೆ ಇರುವುದು ಎರಡನೆಯದರಲ್ಲಿ. ಅದು ತಿರುಗಿತು, ನಿಂತಿತು, ಮತ್ತೆ ತಿರುಗಿತು. ಪರದೆಯ ತುಂಬ ಬಣ್ಣದ ಚೌಕಗಳು. ಹುಡುಗ ತೆಗೆದು ಬೆಳಕಿಗೆ ಹಿಡಿದ. ಗೀರು ಹೆಚ್ಚಿಲ್ಲ ಸಾರ್, ಒಳಗಿನ ಬಣ್ಣವೇ ಮಾಸಿದೆ, ಮನೆಯಲ್ಲಿ ಸುಟ್ಟ ಸಿಡಿಗಳು ಹೀಗೇ ಎಂದ.

ಇನ್ನೂ ದುಬಾರಿಯ ಪ್ಲೇಯರ್ ಇದ್ದರೆ ತೋರಿಸು ಎನ್ನಲು ಬಾಯಿ ತೆರೆದೆ.

"ಪ್ಲೇಯರ್ ಈಗ್ಲೇ ತಗೋಬೇಡಿ ಸಾರ್" ಅಂದ. "ಮೂರೂ ಬಿಟ್ಟು ಹೋಗಿ. ಹಳೇ ಡ್ರೈವ್ ಒಂದಿದೆ ನನ್ನ ಹತ್ರ, ನಿಧಾನಕ್ಕೆ ಓದುತ್ತೆ. ರಾತ್ರಿಯೆಲ್ಲ ಹಾಕಿಟ್ಟಿರ್ತೀನಿ, ಎಷ್ಟು ಬರುತ್ತೋ ಅಷ್ಟನ್ನ ಪೆನ್ ಡ್ರೈವಿಗೆ ಹಾಕ್ಕೊಡ್ತೀನಿ. ಬಂದ್ರೆ ಮುನ್ನೂರು ಕೊಡಿ, ಬರ್ಲಿಲ್ಲ ಅಂದ್ರೆ ಬೇಡ."

ಡಿಸ್ಕುಗಳನ್ನು ಅವನಿಗೆ ಕೊಟ್ಟೆ. ಪಂಚೆಯ ತುಂಡನ್ನೂ ಕೊಟ್ಟೆ, ಅದರಲ್ಲೇ ಸುತ್ತಿಡು ಎಂದೆ. ಮೆಟ್ಟಿಲಿಳಿಯುವಾಗ ತಂಗಿಯ ಫೋನು ಬಂತು. "ಏನಣ್ಣಾ, ಮಿಷನ್ ಸಿಕ್ತಾ?"

"ಒಂದು ರಾತ್ರಿ ತಡಿ" ಅಂದೆ.